ಅರಿಸಿನವೋ ನವಿಲು ನೀಲಿಯೋ?

ನಮ್ಮ ಮನೆಯ ಉತ್ತರದ ಕೋಣೆ ಹತ್ತಡಿಗೆ ಹನ್ನೊಂದಡಿ. ಒಂದೇ ಕಿಟಕಿ, ಅದರಾಚೆ ತೆಂಗಿನ ಮರ, ಕಾಲಡಿಗೆ ಅಜ್ಜನ ಕಾಲದ ಕೆಂಪು ಗಾರೆ ನೆಲ. ಗೋಡೆಗೆ ನನಗೆ ಅರಿಸಿನದ ಹಳದಿ ಬೇಕಿತ್ತು, ಹೆಂಡತಿಗೆ ನವಿಲುಗತ್ತಿನ ನೀಲಿ. "ಕತ್ತಲೆ ಕೋಣೆಗೆ ಯಾರಾದರೂ ಗಾಢ ನೀಲಿ ಬಳಿಯುತ್ತಾರೆಯೇ?" ಎಂದು ಪೇಂಟರ್ ಕೂಡ ನನ್ನ ಕಡೆಗೇ ವಾಲಿದ. ಎರಡರದ್ದೂ 200 ಮಿ.ಲೀ. ಸ್ಯಾಂಪಲ್ ತಂದೆ.

ಮೊದಲ ದಿನವೇ ಎಡವಿದೆ. ಹಳೆಯ ತಿಳಿಹಸಿರು ಗೋಡೆಯ ಮೇಲೆ ಎರಡನ್ನೂ ಅಕ್ಕಪಕ್ಕ ಬಳಿದುಬಿಟ್ಟೆ. ನೀಲಿಯ ಪಕ್ಕದಲ್ಲಿ ಹಳದಿ ಉರಿಯತೊಡಗಿತು, ಹಳದಿಯ ಪಕ್ಕದಲ್ಲಿ ನೀಲಿ ಮಸಿಯಾಯಿತು. ಮರುದಿನ ಎರಡು ದೊಡ್ಡ ಡ್ರಾಯಿಂಗ್ ಹಾಳೆ ತಂದು, ಸುತ್ತ ಎರಡು ಬೆರಳು ಬಿಳಿ ಅಂಚು ಬಿಟ್ಟು ಎರಡೆರಡು ಕೋಟ್ ಬಳಿದೆ. ಎಮಲ್ಷನ್, ಅಂದರೆ ನೀರು ಬೆರೆಸಿ ಬಳಿಯುವ ಗೋಡೆ ಬಣ್ಣ, ಒಣಗಿದಾಗ ಬಣ್ಣ ಇನ್ನಷ್ಟು ಗಾಢವಾಗುವುದರಿಂದ ಒಂದು ದಿನ ಕಾದೆ. ಆಮೇಲೆ ದಿನಕ್ಕೊಂದೇ ಹಾಳೆ ಗೋಡೆಗೇರಿತು.

ಹಳದಿಯ ದಿನ ನನ್ನ ಮುಖ ಸಪ್ಪಗಾಯಿತು. ಆ ಕಿಟಕಿಗೆ ವರ್ಷದ ಬಹುಪಾಲು ನೇರ ಬಿಸಿಲಿಲ್ಲ. ಬರುವ ತಣ್ಣನೆಯ ಬೆಳಕು ತೆಂಗಿನ ಗರಿಯ ಹಸಿರನ್ನೂ ಹೊತ್ತು ತರುತ್ತದೆ. ಅರಿಸಿನ ಹೋಗಿ ಹೀಚು ನಿಂಬೆಯಾಯಿತು. ರಾತ್ರಿ ನೀಲಿ ಛಾಯೆಯ ಬಿಳಿ ಬೆಳಕಿನ 6500 ಕೆಲ್ವಿನ್ ಟ್ಯೂಬ್‌ಲೈಟ್ ಹಾಕಿದರೆ ಕಾಮಾಲೆ ಕಳೆ. ಹಾಳೆಯನ್ನು ಕೆಳಗಿಳಿಸಿದರೆ ಗಾರೆಯ ಕೆಂಪು ಹತ್ತಿ ಕಿತ್ತಳೆ. ಇದನ್ನು ನಾಲ್ಕೂ ಗೋಡೆಗೆ ಬಳಿದರೆ ಒಂದರ ಹಳದಿ ಇನ್ನೊಂದಕ್ಕೆ ಬಡಿದು ಮತ್ತಷ್ಟು ಏರುತ್ತದೆ.

ನೀಲಿ ಹಗಲಿನ ಬೆಳಕನ್ನು ನುಂಗಿತು, ನಿಜ. ಆದರೆ ಹಗಲಿನಲ್ಲಿ ಅಲ್ಲಿ ಯಾರಿರುತ್ತಾರೆ? ಆ ಕೋಣೆ ಬೇಕಾಗುವುದು ರಾತ್ರಿ ಒಂಬತ್ತರ ಮೇಲೆ, ಓದಲು ಮತ್ತು ಮಲಗಲು. ಬೆಚ್ಚನೆಯ ಹಳದಿ ಬೆಳಕಿನ 2700 ಕೆಲ್ವಿನ್ ಬಲ್ಬ್ ಹಚ್ಚಿದಾಗ ಗೋಡೆ ಹಿಂದೆ ಸರಿದು, ಗಾರೆ ನೆಲ ಕೆಂಡದಂತೆ ಎದ್ದು ಕಂಡಿತು. "ನಿಮ್ಮ ಅಜ್ಜ ಸುಣ್ಣಕ್ಕೆ ನೀಲಿ ಬೆರೆಸುತ್ತಿರಲಿಲ್ಲವೇ?" ಎಂದಳು ಹೆಂಡತಿ. ಅವರು ಬೆರೆಸುತ್ತಿದ್ದದ್ದು ಚಿಟಿಕೆ, ಅದೂ ಬಿಳುಪು ಹೆಚ್ಚಲೆಂದು. ಆದರೂ ವಾದ ಅಲ್ಲಿಗೆ ಮುಗಿಯಿತು.

ಒಂದು ಗೋಡೆಗೆ ನೀಲಿ, ಮೂರಕ್ಕೆ ಹಳದಿ ಎಂಬ ರಾಜಿಸೂತ್ರವನ್ನು ಪೇಂಟರ್ ಮುಂದಿಟ್ಟ. ಮಲಗುವ ಕೋಣೆ ಮದುವೆಯ ಚಪ್ಪರವಾಗುವುದು ನನಗೆ ಬೇಡವಾಗಿತ್ತು. ನಾಲ್ಕಕ್ಕೂ ಹೊಳಪಿಲ್ಲದ ಮ್ಯಾಟ್ ನೀಲಿ, ಚಾವಣಿಗೆ ಬಿಳಿ.

ಎರಡು ಕೋಟ್ ಆದರೂ ಹಳೆಯ ಹಸಿರು ಇಣುಕಿದ್ದರಿಂದ ಮೂರನೆಯದಕ್ಕೂ ದುಡ್ಡು ತೆತ್ತೆವು. ಮಂಚ ಸರಿಸಿದಾಗ ಬಿದ್ದ ಗೀರು ಬಳಪದಲ್ಲಿ ಎಳೆದಂತೆ ಕಾಣುತ್ತದೆ. ಕುಂಚ ಆಡಿಸಿದರೆ ತೇಪೆ ಬೇರೆಯೇ ಹೊಳೆಯುತ್ತದೆ. ಉಳಿದ ಹಳದಿ ಅಂಗಳದ ಹೂಕುಂಡಕ್ಕೆ ಹೋಯಿತು. ಬಿಸಿಲಿನಲ್ಲಿ ಅದು ನಾನು ಬಯಸಿದ್ದ ಅರಿಸಿನವೇ.