ಡೊಂಬಿವಲಿಯ ಟೆರೇಸಿನಲ್ಲಿ ಡಾಲೆಕ್‌ಗಳು

ಮಳೆಗಾಲವೊಂದನ್ನು ಬಿಟ್ಟು ಉಳಿದ ತಿಂಗಳುಗಳಲ್ಲಿ ಆಗಾಗ ಶನಿವಾರ ರಾತ್ರಿ ನಮ್ಮ ಕಟ್ಟಡದ ಟೆರೇಸಿನಲ್ಲಿ ಹಳೆಯ ವೈಜ್ಞಾನಿಕ ಚಿತ್ರಗಳನ್ನೂ ಟೆಲಿವಿಷನ್ ಧಾರಾವಾಹಿಗಳನ್ನೂ ಹಾಕಿ, ಪರದೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ಅವುಗಳಿಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುವುದು ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿರುವ ಕೆಲಸ. ಡೊಂಬಿವಲಿ ಪೂರ್ವದ ಈ ಕಟ್ಟಡದಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಪ್ರೇಕ್ಷಕರಲ್ಲಿ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುವವರಿದ್ದಾರೆ, ಧಾರವಾಡದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ, ಮನೆಯಲ್ಲಿ ಕನ್ನಡ, ಲೋಕಲ್ ಗಾಡಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಇಂಗ್ಲಿಷ್ ಬಳಸುವ ಕಾಲೇಜು ಹುಡುಗರಿದ್ದಾರೆ, ಧ್ವನಿ ಜಾಸ್ತಿಯಾಯಿತೇ ಎಂದು ನೋಡುವ ನೆಪದಲ್ಲಿ ಮೇಲೆ ಬಂದು ಕೊನೆಯವರೆಗೂ ಕುಳಿತುಬಿಡುವ ಸೊಸೈಟಿಯ ಮರಾಠಿ ಸೆಕ್ರೆಟರಿಯವರೂ ಇದ್ದಾರೆ. ಇವರೆಲ್ಲರನ್ನೂ ಒಂದೇ ಚಾಪೆಯ ಮೇಲೆ ಎರಡು ಗಂಟೆ ಕೂರಿಸಬಲ್ಲ ಅನ್ಯಗ್ರಹ ಯಾವುದೆಂದು ಕಂಡುಕೊಳ್ಳಲು ಸಾಕಷ್ಟು ಸಮಯ ಹಿಡಿಯಿತು. ಅದು ರಟ್ಟಿನಲ್ಲಿ ಮಾಡಿದ ಗ್ರಹವಾಗಿರಬೇಕು ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಘನವಾದ ಚಿತ್ರಗಳು ವಿವರಣೆಗಾರನಿಗೆ ಅನ್ನ ಹಾಕುವುದಿಲ್ಲ. ಸ್ಟ್ಯಾನ್ಲಿ ಕ್ಯೂಬ್ರಿಕ್ 1968ರಲ್ಲಿ ತೆಗೆದ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಮೊದಲ 25 ನಿಮಿಷಗಳಷ್ಟು ಕಾಲ ಯಾರೂ ಒಂದು ಮಾತನ್ನೂ ಆಡುವುದಿಲ್ಲ, ವಾನರರು ಮೂಳೆ ಬೀಸುತ್ತಾರೆ, ಕಪ್ಪು ಕಲ್ಲೊಂದು ನೆಟ್ಟಗೆ ನಿಂತಿರುತ್ತದೆ, ಪ್ರೇಕ್ಷಕರು ಪರದೆಯನ್ನು ಬಿಟ್ಟು ನನ್ನ ಮುಖವನ್ನು ನೋಡುತ್ತಾರೆ. ಆ ಕಲ್ಲು ಏನೆಂದು ಚಿತ್ರವೇ ಹೇಳದಿರುವಾಗ ನಾನು ಹೇಳಿದರೆ ಅಧಿಕಪ್ರಸಂಗ, ಹೇಳದಿದ್ದರೆ ಅಜ್ಞಾನ. ತಾರ್ಕೋವ್‌ಸ್ಕಿಯವರ ‘ಸೋಲಾರಿಸ್’ನಲ್ಲಿ (1972) ಕಾರೊಂದು ನಗರದ ಹೆದ್ದಾರಿಗಳಲ್ಲಿ, ಸುರಂಗಗಳಲ್ಲಿ, ಮೇಲ್ಸೇತುವೆಗಳ ಮೇಲೆ ನಿಮಿಷಗಟ್ಟಲೆ ಸುಮ್ಮನೆ ಓಡುತ್ತದೆ, ಭವಿಷ್ಯದ ನಗರವನ್ನು ತೋರಿಸಲೆಂದು ಅದನ್ನು ಟೋಕಿಯೋದಲ್ಲಿ ಚಿತ್ರೀಕರಿಸಿದ್ದರು. ಇಷ್ಟನ್ನು ನಾನು ಭಕ್ತಿಯಿಂದ ವಿವರಿಸಿದ ಮೇಲೆ ನಿವೃತ್ತ ಅಧಿಕಾರಿಗಳು, “ಶಿಳ್ ಫಾಟಾದಾಗ ದಿನಾ ಇದನ್ನೇ ನೋಡ್ತೀವಲ್ರೀ, ಇದಕ್ಕ ರಷ್ಯಾದವರು ಯಾಕ ಬೇಕಿತ್ತು?” ಎಂದು ಕೇಳಿದರು. ಎರಡೂ ದೊಡ್ಡ ಚಿತ್ರಗಳೆಂಬುದರಲ್ಲಿ ನನಗೆ ಸಂಶಯವಿಲ್ಲ. ಅವುಗಳನ್ನು ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ನೋಡುತ್ತೇನೆ.

ಟೆರೇಸಿಗೆ ಬೇಕಾದದ್ದು ‘ಸ್ಟಾರ್ ಟ್ರೆಕ್’. 1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ, ಮೂರು ಸೀಸನ್‌ಗಳಲ್ಲಿ 79 ಕಂತುಗಳನ್ನು ಮುಗಿಸಿ 1969ರಲ್ಲಿ ನಿಂತುಹೋದ ಈ ಧಾರಾವಾಹಿಯನ್ನು ನಮ್ಮಲ್ಲಿ ಹಲವರು ಎಂಬತ್ತರ ದಶಕದ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಅರ್ಥವಾಗದೆಯೇ ನೋಡಿದವರು. ಮನುಷ್ಯರನ್ನು ಮಿನುಗುವ ಕಣಗಳಾಗಿ ಕರಗಿಸಿ ಕೆಳಗಿನ ಗ್ರಹದ ಮೇಲೆ ಮತ್ತೆ ಜೋಡಿಸುವ ಟ್ರಾನ್ಸ್‌ಪೋರ್ಟರ್ ಎಂಬ ಯಂತ್ರ ಅದರಲ್ಲಿ ಬರುತ್ತದೆ. ಅದು ಹುಟ್ಟಿದ್ದು ವಿಜ್ಞಾನದಿಂದಲ್ಲ, ವಾರವಾರವೂ ಬಾಹ್ಯಾಕಾಶ ನೌಕೆಯನ್ನು ನೆಲಕ್ಕಿಳಿಸುವ ದೃಶ್ಯ ತೆಗೆಯಲು ದುಡ್ಡಿಲ್ಲದ್ದರಿಂದ. ದಾದರಿಗೆ ಫಾಸ್ಟ್ ಲೋಕಲ್ ಹತ್ತಿ ಅಭ್ಯಾಸವಿರುವ ಜನರಿಗೆ ಈ ಯಂತ್ರದ ಉಪಯೋಗವನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಎರಡನೆಯ ಮಹಡಿಯ ಅಕ್ಕ ಕೇಳಿದ ಪ್ರಶ್ನೆ ಒಂದೇ: “ಅದರಲ್ಲಿ ಲೇಡೀಸ್ ಡಬ್ಬಿ ಬೇರೆ ಉಂಟಾ?”

ಆ ನೌಕೆಯ ವೈದ್ಯ ಡಾಕ್ಟರ್ ಮೆಕಾಯ್ ಬಳಸುವ ವೈದ್ಯಕೀಯ ಉಪಕರಣಗಳ ಕಥೆ ಇನ್ನೂ ಸೊಗಸಾದದ್ದು. ಉಪ್ಪಿಗಾಗಿ ಹಪಹಪಿಸುವ ಪ್ರಾಣಿಯೊಂದರ ಕಂತಿಗಾಗಿ ವಿಚಿತ್ರ ಆಕಾರದ ಉಪ್ಪಿನ ಡಬ್ಬಿಗಳನ್ನು ಕೊಂಡುತಂದರು; ಇವು ಉಪ್ಪಿನ ಡಬ್ಬಿಗಳೆಂದು ನೋಡುಗರಿಗೆ ಗೊತ್ತಾಗಲಿಕ್ಕಿಲ್ಲವೆಂದು ಅನಿಸಿದಾಗ ಆ ಕಂತಿನಲ್ಲಿ ಮಾಮೂಲಿ ಡಬ್ಬಿಗಳನ್ನಿಟ್ಟು, ವಿಚಿತ್ರ ಡಬ್ಬಿಗಳನ್ನು ನೌಕೆಯ ಆಸ್ಪತ್ರೆಗೆ ಸಾಗಿಸಿ ಶಸ್ತ್ರಚಿಕಿತ್ಸೆಯ ಸಾಮಾನುಗಳೆಂದು ಘೋಷಿಸಿದರು. ಇದನ್ನು ಹೇಳಲೆಂದು ನಾನು ಸೂಕ್ತ ಕ್ಷಣಕ್ಕೆ ಕಾಯುತ್ತಿದ್ದಾಗ ಹೋಟೆಲಿನ ಹುಡುಗನೊಬ್ಬ, “ಅದು ಉಪ್ಪು ಹಾಕುವ ಡಬ್ಬಿ ಅಲ್ವಾ ಮಾರಾಯ್ರೆ, ಕೆಳಗೆ ಒತ್ತಿ ಹಿಡ್ಕೊಂಡದ್ದು ನೋಡಿ!” ಎಂದು ಕೂಗಿಬಿಟ್ಟ. ಟೇಬಲ್ ಒರೆಸುತ್ತ ದಿನಕ್ಕೆ ನೂರಾರು ಡಬ್ಬಿಗಳನ್ನು ಸರಿಸುವ ಕೈಗೆ ಇಪ್ಪತ್ತಮೂರನೆಯ ಶತಮಾನವೂ ಮೋಸ ಮಾಡಲಾರದು. ಇನ್ನೊಂದು ಕಂತಿನಲ್ಲಿ ಸಣ್ಣ ನಾಯಿಯೊಂದಕ್ಕೆ ಕೂದಲ ಅಂಗಿ ತೊಡಿಸಿ, ತಲೆಗೆ ಕೋಡು ಕಟ್ಟಿ, ಅನ್ಯಗ್ರಹದ ಪ್ರಾಣಿಯೆಂದು ಎತ್ತಿಕೊಂಡು ತಿರುಗುತ್ತಾರೆ. ಆ ನಾಯಿ ಬಂದಾಗ ನಾನು ಏನೂ ಹೇಳುವುದಿಲ್ಲ, ಹೇಳಿದರೂ ನಗುವಿನಲ್ಲಿ ಕೇಳಿಸುವುದಿಲ್ಲ.

ಆದರೆ ನಮ್ಮಲ್ಲಿ ನಿಜವಾಗಿ ಬೇರುಬಿಟ್ಟದ್ದು ಬಿಬಿಸಿಯವರು 1963ರ ನವೆಂಬರ್ 23ರಂದು ಆರಂಭಿಸಿದ ‘ಡಾಕ್ಟರ್ ಹೂ’. ಹೊರಗಿನಿಂದ ಬ್ರಿಟನ್ನಿನ ಬೀದಿಬದಿಯ ಪೊಲೀಸ್ ಟೆಲಿಫೋನ್ ಪೆಟ್ಟಿಗೆಯಾಗಿಯೂ ಒಳಗಿನಿಂದ ವಿಶಾಲವಾಗಿಯೂ ಇರುವ ಕಾಲಯಂತ್ರದಲ್ಲಿ ಅಲೆಯುವ ಡಾಕ್ಟರನ ಕಥೆ ಅದು. ಒಂದು ಕೋಣೆ ಮತ್ತು ಅಡುಗೆಮನೆಯಲ್ಲಿ ಆರು ಜನ ಬದುಕುವ ಮುಂಬಯಿಯಲ್ಲಿ ಈ ಪೆಟ್ಟಿಗೆಯ ಬೆಲೆ ಚದರಡಿಗೆ ಎಷ್ಟಾದೀತು ಎಂಬ ಚರ್ಚೆ ಮೊದಲ ರಾತ್ರಿಯೇ ನಡೆಯಿತು. ಡಾಲೆಕ್ ಎಂಬ ಖಳರು ವಿಶ್ವವನ್ನೇ ನಿರ್ಮೂಲ ಮಾಡಹೊರಟವರಾದರೂ ಅವರ ಒಂದು ಕೈ ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಪ್ಲಂಜರ್. ಇವರು ಚಕ್ರದ ಮೇಲೆ ಉರುಳುವುದರಿಂದ ಮೆಟ್ಟಿಲು ಹತ್ತಲಾರರು ಎಂಬುದು ಬ್ರಿಟನ್ನಿನಲ್ಲಿ ದಶಕಗಟ್ಟಲೆ ನಡೆದ ತಮಾಷೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಬಿಲ್ಡರ್ ಮಾಡಿದ ಅನ್ಯಾಯವೆಂದು ಇಷ್ಟು ವರ್ಷ ಬೈಯುತ್ತಿದ್ದ ಮೂರನೆಯ ಮಹಡಿಯ ಅಜ್ಜಿ, ಡಾಲೆಕ್‌ಗಳನ್ನು ಕಂಡ ಮೇಲೆ, ಹೋಗಲಿ, ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು ಎಂದರು. ಹಾಗಾಗಿಯೇ 1988ರ ‘ರಿಮೆಂಬ್ರೆನ್ಸ್ ಆಫ್ ದ ಡಾಲೆಕ್ಸ್’ನಲ್ಲಿ ಡಾಲೆಕ್ ಒಂದು ಮೆಟ್ಟಿಲುಗಳ ಮೇಲೆ ತೇಲುತ್ತ ಏರತೊಡಗಿದಾಗ ನಮ್ಮ ಟೆರೇಸಿನಲ್ಲಿ ಹುಟ್ಟಿದ ಗಾಬರಿ, ನಾನು ತೋರಿಸಿದ ಯಾವ ದುಬಾರಿ ಚಿತ್ರಕ್ಕೂ ದಕ್ಕಿದ್ದಲ್ಲ.

ಇದಕ್ಕೆ ಕಾರಣ ನಮ್ಮ ಪ್ರೇಕ್ಷಕರ ಹಿಂದಿನ ತರಬೇತಿ ಎಂದು ನನಗೆ ತೋರುತ್ತದೆ. ಮುಂಬಯಿಯ ಕನ್ನಡಿಗರಿಗೆ ಯಕ್ಷಗಾನ ಹೊಸದಲ್ಲ. ಇಬ್ಬರು ಹಿಡಿದ ತುಂಡು ತೆರೆಯ ಹಿಂದಿನಿಂದ ಬಣ್ಣದ ವೇಷ ಕಿರೀಟವನ್ನಷ್ಟೇ ತೋರಿಸಿ ಅಬ್ಬರಿಸಿದರೆ ರಾಕ್ಷಸ ಬಂದನೆಂದು ನಂಬಿದ, ಒಂದು ರಥವನ್ನು ಬರಿಯ ಮರದ ಪೀಠದ ಮೇಲೆ ಕಂಡ ಕಣ್ಣುಗಳಿಗೆ, 1975ರ ‘ದಿ ಆರ್ಕ್ ಇನ್ ಸ್ಪೇಸ್’ನಲ್ಲಿ ಹಸಿರು ಬಣ್ಣ ಬಳಿದ ಬಬಲ್ ರ‍್ಯಾಪ್ ಹೊದ್ದು ಬರುವ ಕೀಟಮಾನವನನ್ನು ಒಪ್ಪಿಕೊಳ್ಳುವುದು ಕಷ್ಟವೇನಲ್ಲ. ಮಕ್ಕಳು ಅದು ಕೊರಿಯರ್ ಪೆಟ್ಟಿಗೆಯಲ್ಲಿ ಬರುವ ಗುಳ್ಳೆ ಪ್ಲಾಸ್ಟಿಕ್ಕೆಂದು ತಕ್ಷಣ ಗುರುತಿಸಿದವು, ಗುರುತಿಸಿಯೂ ಹೆದರಿದವು. ಕಂಪ್ಯೂಟರಿನಲ್ಲಿ ಕೂದಲೆಳೆಯಷ್ಟೂ ಲೋಪವಿಲ್ಲದೆ ಬಿಡಿಸಿದ ರಾಕ್ಷಸ ಎದುರಿಗೆ ನಿಂತಾಗ ನೋಡುವವನಿಗೆ ಮಾಡಲು ಏನೂ ಉಳಿದಿರುವುದಿಲ್ಲ, ವಿವರಣೆಗಾರನಿಗಂತೂ ಮೊದಲೇ ಇಲ್ಲ.

ವಿವರಣೆಯ ಕಸುಬಿನ ಬಗ್ಗೆ ಒಂದೆರಡು ಮಾತು ಹೇಳಬೇಕು. ಸಿನಿಮಾ ನೋಡುತ್ತ ಮಾತನಾಡುವುದನ್ನೇ ಕಾರ್ಯಕ್ರಮ ಮಾಡಿದವರು ಅಮೆರಿಕದ ಮಿನೆಸೋಟಾದವರು. 1988ರಲ್ಲಿ ಅಲ್ಲಿನ ಸ್ಥಳೀಯ ವಾಹಿನಿಯೊಂದರಲ್ಲಿ ಶುರುವಾದ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ರಲ್ಲಿ ಒಬ್ಬ ಮನುಷ್ಯ ಮತ್ತು ಅವನೇ ತಯಾರಿಸಿದ ರೋಬೋಟುಗಳು ಬಾಹ್ಯಾಕಾಶದಲ್ಲಿ ಕುಳಿತು ಕಳಪೆ ಚಿತ್ರಗಳನ್ನು ಗೇಲಿ ಮಾಡುತ್ತವೆ. ಅವರಿಗೆ ಪರದೆಯನ್ನು ಗೇಲಿ ಮಾಡಿದರೆ ಸಾಕು, ನನಗೆ ಕಥೆಯನ್ನೂ ದಡ ಸೇರಿಸಬೇಕು. ಆದ್ದರಿಂದ ಮೊದಲೇ ಒಮ್ಮೆ ಕಂತನ್ನು ನೋಡಿ, ಪಾತ್ರಗಳು ಮಾತು ನಿಲ್ಲಿಸಿ ಕಾರಿಡಾರಿನಲ್ಲಿ ಓಡುವ ಜಾಗಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ, ಏಕೆಂದರೆ ನಾನು ಬಾಯಿ ತೆರೆಯಬೇಕಾದದ್ದು ಅಲ್ಲಿಯೇ. ಒಂದೇ ಕಾರಿಡಾರನ್ನು ನಾಲ್ಕು ಕಡೆಯಿಂದ ತೋರಿಸಿ ಸಮಯ ತುಂಬಿಸಿದ ಅಂದಿನ ನಿರ್ದೇಶಕರಿಗೆ ನಾನು ಋಣಿ. ಬಾಯಲ್ಲಿ ನಿಲ್ಲದ ಗ್ರಹಗಳ ಹೆಸರನ್ನು ಬಿಟ್ಟು ‘ಆ ಮರಳಿನ ಊರು’, ‘ಈ ಹಸಿರು ಜನ’ ಎಂದುಬಿಡುತ್ತೇನೆ. ವಿಜ್ಞಾನವನ್ನು ಯಾರಾದರೂ ಕೇಳುವ ಮೊದಲು ಹೇಳುವುದಿಲ್ಲ. ಕಪ್ಪುಕುಳಿಯ ಪ್ರಶ್ನೆ ಬಂದರೆ ಸೆಕ್ರೆಟರಿಯವರಿಗೆ ಬಿಟ್ಟುಕೊಡುತ್ತೇನೆ. ಪುಣೆಯಲ್ಲಿ ಐಯುಕಾ ಎಂಬ ಖಗೋಳವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಜಯಂತ ನಾರ್ಳೀಕರರು ಮರಾಠಿಯಲ್ಲಿ ಬರೆದ ವಿಜ್ಞಾನ ಕಥೆಗಳನ್ನು ಓದಿ ಬೆಳೆದ ಅವರು, ಧ್ವನಿ ತಗ್ಗಿಸಲು ಬಂದ ಸಂಗತಿಯನ್ನು ಮರೆತು, ಎದ್ದು ನಿಂತು ಕೈಬೀಸಿ ವಿವರಿಸುತ್ತಾರೆ.

ಮೂಲದ ಧ್ವನಿಯನ್ನು ನಾನು ತಗ್ಗಿಸುತ್ತೇನೆಯೇ ಹೊರತು ಪೂರ್ತಿ ಆರಿಸುವುದಿಲ್ಲ, ಏಕೆಂದರೆ ಸದ್ದುಗಳಲ್ಲಿಯೇ ಅರ್ಧ ಮೋಜು ಇದೆ. ಡಾಕ್ಟರನ ಕಾಲಯಂತ್ರ ಹೊರಡುವಾಗ ಕೇಳುವ ಏದುಸಿರಿನಂಥ ಸದ್ದನ್ನು ಬಿಬಿಸಿಯ ಬ್ರಯಾನ್ ಹಾಡ್ಜ್‌ಸನ್ ಎಂಬವರು ಹಳೆಯ ಪಿಯಾನೋದ ತಂತಿಗಳ ಮೇಲೆ ಮನೆಯ ಬೀಗದ ಕೈಯನ್ನು ಎಳೆದು ಮಾಡಿದ್ದರು. 1977ರ ‘ಸ್ಟಾರ್ ವಾರ್ಸ್’ನ ಬಂದೂಕಿನ ಸದ್ದಿಗಾಗಿ ಬೆನ್ ಬರ್ಟ್ ರೇಡಿಯೋ ಗೋಪುರವೊಂದನ್ನು ಬಿಗಿದಿದ್ದ ಉಕ್ಕಿನ ತಂತಿಗೆ ಸುತ್ತಿಗೆಯಿಂದ ಬಡಿದರು. ಇದನ್ನು ಹೇಳಿದ ಮರುದಿನವೇ ಮಕ್ಕಳು ಟೆರೇಸಿನ ಬಟ್ಟೆ ಒಣಗಿಸುವ ತಂತಿಯನ್ನು ಬಡಿದು ಪರೀಕ್ಷಿಸಿದರು. ಸದ್ದು ಚೆನ್ನಾಗಿಯೇ ಬಂತು. ತಂತಿಯ ಮೇಲಿದ್ದ ಸೀರೆ ಮಾತ್ರ ಪಕ್ಕದ ಕಟ್ಟಡದ ಆವರಣ ಸೇರಿತು.

ಕಳಪೆಯಲ್ಲಿಯೂ ತರತಮ ಉಂಟು. ಬೇಕೆಂದೇ ಕಳಪೆಯಾಗಿ ತೆಗೆದ ಚಿತ್ರವನ್ನು ನಾನು ಹಾಕುವುದಿಲ್ಲ. ತೆಗೆದವನು ಮನಃಪೂರ್ವಕವಾಗಿ ಶ್ರಮಿಸಿರಬೇಕು. 1953ರ ‘ರೋಬೋಟ್ ಮಾನ್‌ಸ್ಟರ್’ನಲ್ಲಿ ಭೂಮಿಯನ್ನು ನಾಶಮಾಡಲು ಬಂದವನು ಗೊರಿಲ್ಲಾ ವೇಷದ ಮೇಲೆ ಗಾಜಿನ ಮುಖವಿರುವ ಶಿರಸ್ತ್ರಾಣ ಧರಿಸಿರುತ್ತಾನೆ, ಅವನ ಯಂತ್ರ ಸೋಪಿನ ಗುಳ್ಳೆಗಳನ್ನು ಬಿಡುತ್ತದೆ. ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ನಲ್ಲಿ ಪ್ರಮುಖ ನಟ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡ ಮೇಲೆ, ನಿರ್ದೇಶಕನ ಹೆಂಡತಿಯ ಬೆನ್ನುಮೂಳೆ ನೀವುತ್ತಿದ್ದ ವೈದ್ಯನೊಬ್ಬ ಮುಖಕ್ಕೆ ಮೇಲಂಗಿ ಅಡ್ಡ ಹಿಡಿದುಕೊಂಡು ಉಳಿದ ಪಾತ್ರವನ್ನು ಮುಗಿಸುತ್ತಾನೆ. ಗೋರಿಕಲ್ಲುಗಳು ಅಲುಗಾಡುತ್ತವೆ. ಒಂದೇ ಓಟದಲ್ಲಿ ಹಗಲು ಹೋಗಿ ರಾತ್ರಿಯಾಗಿ ಮತ್ತೆ ಹಗಲಾಗುತ್ತದೆ. ಇದಕ್ಕೆ ವಿವರಣೆಯೇ ಬೇಕಿಲ್ಲವಾದ್ದರಿಂದ ಆ ರಾತ್ರಿ ನಾನು ಸ್ಟೂಲಿನಿಂದಿಳಿದು ಚಾಪೆಯ ಮೇಲೆ ಕುಳಿತೆ.

ನಮ್ಮವರನ್ನು ಬಿಟ್ಟರೆ ತಪ್ಪಾಗುತ್ತದೆ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಡುವ ಎರಡು ವರ್ಷ ಮೊದಲೇ, 1967ರ ‘ಚಾಂದ್ ಪರ್ ಚಢಾಯೀ’ಯಲ್ಲಿ ದಾರಾ ಸಿಂಗ್ ಅಲ್ಲಿಗೆ ಹೋಗಿ ಬಂದಿದ್ದರೆಂಬುದನ್ನು ತಿಳಿದು ನಿವೃತ್ತ ಅಧಿಕಾರಿಗಳಿಗೆ ಬಹಳ ಸಮಾಧಾನವಾಯಿತು. ದೂರದರ್ಶನದ ‘ಸ್ಪೇಸ್ ಸಿಟಿ ಸಿಗ್ಮಾ’ದ ಖಳ ಜಖಾಕುವಿನ ಹೆಸರೆತ್ತಿದರೆ ಸಾಕು, ಒಂದು ವಯಸ್ಸಿನವರೆಲ್ಲ ಒಮ್ಮೆಗೇ ನಕ್ಕು ಉಳಿದವರಿಗೆ ಏನೂ ಅರ್ಥವಾಗದಂತೆ ಮಾಡುತ್ತಾರೆ. ದೊಡ್ಡ ಗಲಾಟೆಯಾದದ್ದು ಸಿಂಗೀತಂ ಶ್ರೀನಿವಾಸರಾಯರು 1991ರಲ್ಲಿ ತೆಲುಗಿನಲ್ಲಿ ತೆಗೆದ ‘ಆದಿತ್ಯ 369’ ಹಾಕಿದಾಗ. ಕಾಲಯಂತ್ರದಲ್ಲಿ ಕೂತು ನಾಯಕ ಕೃಷ್ಣದೇವರಾಯನ ಆಸ್ಥಾನಕ್ಕೆ ಇಳಿಯುತ್ತಾನೆ. ಕಾಲಯಂತ್ರವನ್ನು ಯಾರೂ ಪ್ರಶ್ನಿಸಲಿಲ್ಲ. ಹಂಪಿಯಲ್ಲಿ ಇಡೀ ಆಸ್ಥಾನ ತೆಲುಗಿನಲ್ಲಿ ಮಾತನಾಡುವುದು ಹೇಗೆ ಸಾಧ್ಯ ಎಂಬುದೇ ಎಲ್ಲರ ತಕರಾರು, ಮತ್ತು ಆ ಚರ್ಚೆ ಚಿತ್ರಕ್ಕಿಂತ ಉದ್ದವಾಯಿತು. ರಾಯನಿಗೆ ನಾನು ಕನ್ನಡದಲ್ಲಿ ಮಾತು ಕೊಟ್ಟು ಪರಿಸ್ಥಿತಿಯನ್ನು ಹತೋಟಿಗೆ ತಂದೆ.

ಈಗ ಕೈಯಲ್ಲಿರುವ ಕೆಲಸ ಬೇರೆ ಬಗೆಯದು. 1966ರಲ್ಲಿ ಡಾಕ್ಟರನ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ, ಡಾಕ್ಟರ್ ತನ್ನ ದೇಹವನ್ನೇ ನವೀಕರಿಸಿಕೊಳ್ಳುತ್ತಾನೆಂದು ಕಥೆ ಕಟ್ಟಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದರು. ಅಪಘಾತ, ಪ್ಲಾಸ್ಟಿಕ್ ಸರ್ಜರಿ, ಹೊಸ ಮುಖದ ಸೊಸೆ ಎಂಬ ಕ್ರಮವನ್ನು ಸಂಜೆಯ ಧಾರಾವಾಹಿಗಳಲ್ಲಿ ಅರೆದು ಕುಡಿದಿರುವ ನಮ್ಮ ಅಕ್ಕಂದಿರು ಇದನ್ನು ಕಣ್ಣು ಮಿಟುಕಿಸದೆ ಒಪ್ಪಿದರು. ತೊಡಕಿರುವುದು ಮುಂದಿನ ಕಥೆಯಲ್ಲಿ: ಟ್ರೌಟನ್ ಅವರ ಮೊದಲ ಕಥೆಯಾದ ‘ದ ಪವರ್ ಆಫ್ ದ ಡಾಲೆಕ್ಸ್’ನ ಆರು ಕಂತುಗಳನ್ನೂ, ಆ ಕಾಲದ ಇನ್ನೂ ಎಷ್ಟೋ ಕಂತುಗಳೊಡನೆ, ಬಿಬಿಸಿ ಉಳಿಸಿಕೊಳ್ಳಲಿಲ್ಲ. ಕಳೆದುಹೋದವು 90ಕ್ಕೂ ಹೆಚ್ಚು. ಆದರೆ ಅಂದಿನ ಅಭಿಮಾನಿಗಳು ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡಿದ್ದರಿಂದ ಅವೆಲ್ಲದರ ಧ್ವನಿ ಉಳಿದಿದೆ. ಈ ಕಥೆಯ ಮೇಲೆ 2016ರಲ್ಲಿ ಮಾಡಿದ ಕಾರ್ಟೂನ್ ರೂಪ ಸಿಗುತ್ತದೆಯಾದರೂ ನಾನು ಅದನ್ನು ಹಾಕುವುದಿಲ್ಲ. ಧ್ವನಿಯೊಂದನ್ನೇ ಹಾಕಿ, ಸಿಕ್ಕ ಸ್ಥಿರಚಿತ್ರಗಳನ್ನು ಒಂದೊಂದಾಗಿ ಪರದೆಯ ಮೇಲೆ ಬಿಡುತ್ತ, ನಡುವಿನದನ್ನೆಲ್ಲ ಕನ್ನಡದಲ್ಲಿ ಹೇಳಿ ಮುಗಿಸುವ ಯೋಜನೆ ಹಾಕಿಕೊಂಡಿದ್ದೇನೆ. ಚಿತ್ರವೇ ಇಲ್ಲದ ಸಿನಿಮಾಕ್ಕೆ ಪ್ರೊಜೆಕ್ಟರ್ ಏಕೆ ಎಂದು ಸೆಕ್ರೆಟರಿಯವರು ಕೇಳಿದ್ದಾರೆ, ಮೂರನೆಯ ಮಹಡಿಯ ಅಜ್ಜಿ ಮಾತ್ರ ಡಾಲೆಕ್ ಈ ಸಲ ಮೆಟ್ಟಿಲು ಹತ್ತುತ್ತದೆಯೇ ಎಂಬುದನ್ನು ಮೊದಲೇ ತಿಳಿಸಬೇಕೆಂದು ಹೇಳಿ ಕಳಿಸಿದ್ದಾರೆ.