ಬೆಟ್ಟದ ಹೊಳೆಯಲ್ಲಿ ಟ್ರೌಟ್: ಫ್ಲೈ ಫಿಶಿಂಗ್ ಕಲಿಯುವವರಿಗೆ

ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯಲು ಹೊರಡುವವರು ಸಾಮಾನ್ಯವಾಗಿ ಯಾವ ಕೃತಕ ನೊಣವನ್ನು (ಗರಿ, ಕೂದಲು ಸುತ್ತಿ ಹುಳುವಿನಂತೆ ಕಾಣಿಸುವ ಕೊಕ್ಕೆಯನ್ನು) ದಾರಕ್ಕೆ ಕಟ್ಟಬೇಕೆಂಬ ಚಿಂತೆಯಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ನೀರಿಗೆ ದಾರ ಬೀಸುವ ಮೊದಲು ನಾವು ಎಲ್ಲಿ ನಿಲ್ಲುತ್ತೇವೆ ಎಂಬುದು. ರಭಸದಿಂದ ಹರಿಯುವ ತಣ್ಣನೆಯ ನೀರಿನಲ್ಲಿ ಆಹಾರ ಕಡಿಮೆ. ತೇಲಿ ಬಂದದ್ದನ್ನು ಪರೀಕ್ಷಿಸುತ್ತ ಕೂರುವಷ್ಟು ಸಮಯವೂ ಮೀನಿಗೆ ಇರುವುದಿಲ್ಲ. ಆದರೆ ಅದೇ ಮೀನು ಮಹಾ ಪುಕ್ಕಲು. ಒಮ್ಮೆ ಬೆದರಿ ಬಂಡೆಯಡಿಗೆ ನುಗ್ಗಿತೆಂದರೆ, ಎಷ್ಟೇ ಚೆಂದದ ನೊಣವನ್ನು ತೋರಿಸಿದರೂ ಬೇಗನೆ ಹೊರಬರುವುದಿಲ್ಲ.

ಆದ್ದರಿಂದ ಮೊದಲು ನೀರನ್ನು ನೋಡುವುದನ್ನು ಕಲಿಯಬೇಕು. ಟ್ರೌಟ್ ಪ್ರವಾಹಕ್ಕೆ ಮುಖ ಮಾಡಿ ನಿಲ್ಲುತ್ತದೆ. ಶಕ್ತಿ ಹೆಚ್ಚು ವ್ಯಯವಾಗದಂತೆ ನಿಧಾನವಾದ ನೀರಿನಲ್ಲಿ ಮೈ ಇಟ್ಟುಕೊಂಡು, ಪಕ್ಕದ ವೇಗದ ನೀರು ಹೊತ್ತು ತರುವ ಹುಳುಗಳಿಗಾಗಿ ಕಾಯುತ್ತದೆ. ಹೀಗೆ ವೇಗದ ನೀರೂ ನಿಧಾನದ ನೀರೂ ಒಂದನ್ನೊಂದು ಉಜ್ಜಿಕೊಂಡು ಸಾಗುವ ಗೆರೆಯೇ ನಮ್ಮ ಗುರಿ, ಮತ್ತು ಆ ಗೆರೆಯನ್ನು ಗುರುತಿಸಲು ನೊರೆ ಎಲ್ಲಿ ಸಾಲಾಗಿ ತೇಲುತ್ತಿದೆ ಎಂದು ನೋಡಿದರೆ ಸಾಕು. ಬಂಡೆಯ ಹಿಂಬದಿಯಲ್ಲಿ ಮೀನಿರುತ್ತದೆ ಎಂಬುದು ಎಲ್ಲರಿಗೂ ತಿಳಿದಿದೆ. ಬಂಡೆಗೆ ಬಡಿದ ನೀರು ಅದರ ಮುಂಭಾಗದಲ್ಲೂ ಒಂದಿಷ್ಟು ತಡೆದು ನಿಲ್ಲುವುದರಿಂದ ಅಲ್ಲಿಯೂ ಮೀನು ನಿಲ್ಲುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಮಡುವಿದ್ದರೆ ಅದರ ಬಾಲದ ಭಾಗದಿಂದಲೇ, ಅಂದರೆ ನೀರು ಹೊರಹರಿಯುವ ಕೆಳತುದಿಯಿಂದಲೇ ಆರಂಭಿಸಬೇಕು. ಆಳವಿಲ್ಲದ ನೀರೆಂದು ಅದನ್ನು ತುಳಿದುಕೊಂಡು ಮುಂದೆ ಹೋದರೆ, ಅಲ್ಲಿದ್ದ ಸಣ್ಣ ಮೀನೊಂದು ಮೇಲಕ್ಕೆ ಓಡಿ ಇಡೀ ಮಡುವನ್ನೇ ಬೆದರಿಸಿಬಿಡುತ್ತದೆ.

ಮೀನು ಮೇಲ್ಹರಿವಿನ ಕಡೆಗೆ ನೋಡುತ್ತಿರುವುದರಿಂದ ನಾವು ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಸಮೀಪಿಸಬೇಕು. ನೀರಿನೊಳಗಿನಿಂದ ಹೊರಜಗತ್ತು ಮೀನಿಗೆ ಕಾಣುವುದು ಸುಮಾರು 97 ಡಿಗ್ರಿ ಅಗಲದ ಒಂದು ಕಿಂಡಿಯ ಮೂಲಕ. ಬೆಳಕು ನೀರಿನ ಮೇಲ್ಮೈಯಲ್ಲಿ ಬಾಗುವುದರಿಂದ ದಡದ ಮೇಲೆ ನೆಟ್ಟಗೆ ನಿಂತವರು ಆ ಕಿಂಡಿಯ ಅಂಚಿನಲ್ಲಿ ಕಾಣಿಸಿಕೊಳ್ಳುತ್ತಾರೆ, ಬಗ್ಗಿ ನಡೆಯುವವರು ಬಹುಮಟ್ಟಿಗೆ ಮರೆಯಾಗುತ್ತಾರೆ. ಮಂಡಿಯೂರಿ ದಾರ ಬೀಸಲು ಸಂಕೋಚಪಡಬೇಕಾಗಿಲ್ಲ. ನೆರಳು ನೀರಿನ ಮೇಲೆ ಬೀಳಬಾರದು, ಕಲ್ಲುಗಳು ಕಾಲಡಿಯಲ್ಲಿ ಸದ್ದು ಮಾಡಬಾರದು. ಕಂಪನವನ್ನು ಮೀನು ತನ್ನ ಪಕ್ಕದ ಸಂವೇದನಾ ರೇಖೆಯಿಂದಲೇ ಗ್ರಹಿಸುತ್ತದೆ.

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಏಳರಿಂದ ಎಂಟು ಅಡಿಯ, 3 ಅಥವಾ 4 ವೇಟ್‌ನ (ಹಗುರ ಲೈನಿಗೆ ಹೊಂದುವ ಅಳತೆಯ) ರಾಡ್, ತೇಲುವ ಲೈನ್ (ಬೀಸುವ ದಪ್ಪ ದಾರ), ಏಳೂವರೆ ಅಡಿಯ ಲೀಡರ್ (ಲೈನಿನ ತುದಿಗೆ ಕಟ್ಟುವ ಸಪೂರ ದಾರ), ಅದರ ತುದಿಗೆ 5ಎಕ್ಸ್ ಅಳತೆಯ ಟಿಪ್ಪೆಟ್ (ನೊಣ ಕಟ್ಟುವ ತೆಳುವಾದ ಎಳೆ) ಸಾಕು. ನೊಣಕ್ಕೆ ಭಾರವಿಲ್ಲ, ಅದನ್ನು ಹೊತ್ತೊಯ್ಯುವುದು ಲೈನಿನ ಭಾರ. ಹಿಂದೆ ಮರದ ಕೊಂಬೆಗಳಿದ್ದರೆ ಲೈನನ್ನು ನೀರಿನ ಮೇಲೆಯೇ ನಿಧಾನವಾಗಿ ಹಿಂದಕ್ಕೆಳೆದು, ಅದು ಭುಜದ ಪಕ್ಕದಲ್ಲಿ ಜೋಲು ಬಿದ್ದಾಗ ರಾಡನ್ನು ಮುಂದಕ್ಕೆ ಬೀಸಿ ನಿಲ್ಲಿಸುವ ರೋಲ್ ಕಾಸ್ಟ್ ಅಭ್ಯಾಸ ಮಾಡಿಕೊಳ್ಳಬೇಕು. ಅದಕ್ಕೂ ಜಾಗವಿಲ್ಲದಿದ್ದರೆ ಕೊಕ್ಕೆಯ ಬಾಗನ್ನು ಎಚ್ಚರಿಕೆಯಿಂದ ಬೆರಳಲ್ಲಿ ಹಿಡಿದು, ರಾಡನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟುಬಿಡಬಹುದು.

ಇನ್ನು ನಿಜವಾದ ಕೆಲಸ. ನೊಣವು ನೀರಿನ ವೇಗದಲ್ಲೇ, ದಾರಕ್ಕೆ ಕಟ್ಟಿಲ್ಲವೇನೋ ಎಂಬಂತೆ ತೇಲಬೇಕು. ನಮಗೂ ಮೀನಿಗೂ ನಡುವೆ ವೇಗದ ಪ್ರವಾಹವೊಂದಿದ್ದರೆ ಅದು ಲೈನನ್ನು ಮೊದಲು ಎಳೆದುಕೊಂಡು ಹೋಗುತ್ತದೆ, ಆಗ ನೊಣದ ಹಿಂದೆ ಸಣ್ಣದೊಂದು ಗೆರೆ ಮೂಡುತ್ತದೆ. ಅದನ್ನು ಕಂಡ ಮೀನು ಬಾಯಿ ತೆರೆಯುವುದಿಲ್ಲ. ಇದಕ್ಕೆ ಇರುವ ಉತ್ತಮ ಉಪಾಯವೆಂದರೆ ದೂರ ಬೀಸದಿರುವುದು. ಐದಾರು ಮೀಟರ್ ಹತ್ತಿರಕ್ಕೆ ಬಂದು, ಬಂಡೆಯ ಪಕ್ಕದ ನೊರೆಗೆರೆಯ ಮೇಲ್ತುದಿಗೆ ನೊಣವನ್ನು ಇಳಿಸಿ, ತಕ್ಷಣವೇ ರಾಡಿನ ತುದಿಯನ್ನು ಎತ್ತಿ ಹಿಡಿದರೆ, ನಡುವಿನ ಪ್ರವಾಹಕ್ಕೆ ಲೈನ್ ತಾಗದೆ ಲೀಡರ್ ಮಾತ್ರ ನೀರಿನ ಮೇಲಿರುತ್ತದೆ. ನೊಣ ನಮ್ಮತ್ತ ತೇಲಿ ಬರುತ್ತಿದ್ದಂತೆ ಇನ್ನೊಂದು ಕೈಯಿಂದ ಸಡಿಲವನ್ನು ಅಷ್ಟಷ್ಟೇ ಒಳಗೆಳೆದುಕೊಳ್ಳುತ್ತಿರಬೇಕು. ಎರಡು ಸೆಕೆಂಡುಗಳ ಇಂಥ ಶುದ್ಧ ತೇಲಾಟ ಉದ್ದನೆಯ ಕೆಟ್ಟ ತೇಲಾಟಕ್ಕಿಂತ ಎಷ್ಟೋ ಮೇಲು, ಮತ್ತು ಒಂದು ಜಾಗದಲ್ಲಿ ಮೊದಲ ಬೀಸಿಗಿರುವ ಬೆಲೆ ಆಮೇಲಿನ ಯಾವ ಬೀಸಿಗೂ ಇರುವುದಿಲ್ಲ.

ನೊಣದ ಆಯ್ಕೆಗೆ, ಅಲ್ಲಿ ಮೀನು ತಿನ್ನುವ ಹುಳುಗಳು ಯಾವುವೆಂದು ತಿಳಿಯಲು, ಹೊಳೆಯ ಒಂದು ಕಲ್ಲನ್ನು ಎತ್ತಿ ತಿರುವಿ ನೋಡಿ. ಮರಳಿನ ಕಣಗಳನ್ನು ಅಂಟಿಸಿ ಮಾಡಿದ ಪುಟ್ಟ ಕೊಳವೆಗಳಿದ್ದರೆ ಅವು ಕ್ಯಾಡಿಸ್ ಎಂಬ ಕೀಟದ ಮರಿಹುಳುಗಳ ಗೂಡುಗಳು. ಸಾಮಾನ್ಯವಾಗಿ ಮೂರು ಬಾಲವಿದ್ದು ಹೊಟ್ಟೆಯ ಅಂಚಿನಲ್ಲಿ ಕಿವಿರು ಅಲುಗಾಡುತ್ತಿದ್ದರೆ ಮೇಫ್ಲೈ. ಎರಡು ಬಾಲವಿದ್ದು ಒಂದೊಂದು ಕಾಲಿಗೂ ಎರಡೆರಡು ಉಗುರುಗಳಿದ್ದರೆ ಸ್ಟೋನ್‌ಫ್ಲೈ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡಿ. ನೀರಿನ ಮೇಲೆ ತೇಲುವ ಕೃತಕ ನೊಣಗಳಾದ, 14 ಅಥವಾ 16ನೆಯ ಕೊಕ್ಕೆ ಅಳತೆಯ ಎಲ್ಕ್ ಹೇರ್ ಕ್ಯಾಡಿಸ್ ಇಲ್ಲವೇ ಪ್ಯಾರಾಶೂಟ್ ಆ್ಯಡಮ್ಸ್ ತೇಲಿಸುತ್ತ, ಮೀನು ಮೇಲೆ ಬಾರದಿದ್ದರೆ ಅದರ ಕೊಕ್ಕೆಗೆ ಅರ್ಧ ಮೀಟರಿನಷ್ಟು ಟಿಪ್ಪೆಟ್ ಕಟ್ಟಿ ಫೆಸೆಂಟ್ ಟೇಲ್ ನಿಂಫ್ (ಮರಿಹುಳುವನ್ನು ಹೋಲುವ, ಮುಳುಗುವ ಕೃತಕ ನೊಣ) ಒಂದನ್ನು ಇಳಿಬಿಟ್ಟರೆ ಬಹುತೇಕ ಹೊಳೆಗಳಲ್ಲಿ ಕೆಲಸ ನಡೆಯುತ್ತದೆ.

ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಮೊದಲೇ ಅದುಮಿ ಬಿಡಬೇಕು. ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳದಿದ್ದರೆ ಅದನ್ನು ರೋಗಗಳಿಂದ ಕಾಯುವ ಲೋಳೆ ಕಳಚಿಹೋಗುತ್ತದೆ. ಸಾಧ್ಯವಾದಷ್ಟೂ ಅದನ್ನು ನೀರಿನಲ್ಲೇ ಇಟ್ಟು, ಪ್ರವಾಹಕ್ಕೆ ಮುಖ ಮಾಡಿ ಹಿಡಿದು, ತಾನಾಗಿಯೇ ಈಜಿ ಹೋಗುವವರೆಗೆ ಆಧಾರ ಕೊಡಬೇಕು. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗಿ, ಬಿಟ್ಟ ಮೀನೂ ಬದುಕುವುದು ಕಷ್ಟವಾಗುತ್ತದೆ. ಹಾಗಾಗಿ ಚಿಕ್ಕ ಥರ್ಮಾಮೀಟರ್ ಒಂದು ಜೇಬಿನಲ್ಲಿರಲಿ, ಅಂಥ ಮಧ್ಯಾಹ್ನಗಳಲ್ಲಿ ಗಾಳ ಹಾಕುವುದು ಬೇಡ. ಬ್ರೌನ್ ಟ್ರೌಟ್ ಶರತ್ಕಾಲದಲ್ಲೂ ರೇನ್‌ಬೋ ಹೆಚ್ಚಾಗಿ ವಸಂತದಲ್ಲೂ ಜಲ್ಲಿಕಲ್ಲುಗಳನ್ನು ಬಾಲದಿಂದ ಕೆದಕಿ ಮೊಟ್ಟೆಯಿಡುತ್ತವೆ. ಹೊಳೆಯ ತಳದಲ್ಲಿ ಸುತ್ತಲಿನ ಕಲ್ಲುಗಳಿಗಿಂತ ತೊಳೆದಂತೆ ತಿಳಿಯಾಗಿ ಕಾಣುವ ತಟ್ಟೆಯಾಕಾರದ ಜಾಗಗಳು ಕಂಡರೆ ಅವು ಆ ಗೂಡುಗಳು. ಅಲ್ಲಿ ಕಾಲಿಡದೆ ದಡ ಹತ್ತಿ ಸುತ್ತಿಕೊಂಡು ಹೋಗಬೇಕು.