ಬ್ಯಾಟರಿ ಹೊಸದು, ಆದರೂ ಸೆಲ್ಫ್ ತಿರುಗದು

ಕಳೆದ ಆಷಾಢದಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಹಳೆಯ ಡೀಸೆಲ್ ಜೀಪನ್ನು ನಾಲ್ಕು ಜನ ತಳ್ಳಿಕೊಂಡು ನನ್ನ ಗ್ಯಾರೇಜಿಗೆ ತಂದರು. “ಅಣ್ಣ, ಬ್ಯಾಟರಿ ಹಾಕಿಸಿ ಹದಿನೈದು ದಿನವಾಗಿಲ್ಲ. ಸೆಲ್ಫ್ ಬಿಚ್ಚಿ ಬುಷ್ ಕೂಡ ಬದಲಾಯಿಸಿದ್ದಾರೆ. ಆದರೂ ಒಂದೆರಡು ಸುತ್ತು ತಿರುಗಿ ನಿಂತುಬಿಡುತ್ತದೆ” ಎಂದ ಚಾಲಕ. ಸೆಲ್ಫ್ ಎಂದರೆ ಎಂಜಿನ್ನನ್ನು ತಿರುಗಿಸಿ ಶುರು ಮಾಡುವ ಸ್ಟಾರ್ಟರ್ ಮೋಟಾರು, ಬುಷ್ ಅದರೊಳಗಿನ ಸವೆಯುವ ಲೋಹದ ಬಳೆ. ಎರಡು ಸಲ ದುಡ್ಡು ಸುರಿದಿದ್ದರು. ಎರಡು ಸಲವೂ ಯಾರೂ ಮೀಟರ್ (ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್) ಹಿಡಿದು ನೋಡಿರಲಿಲ್ಲ ಎಂದು ತಿಳಿದು ಬೇಸರವಾಯಿತು.

ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಗೆ ಹಿಡಿದೆ. 12.6. ತುಂಬಿದ ಬ್ಯಾಟರಿ. ಆದರೆ ಸುಮ್ಮನೆ ಕುಳಿತ ಬ್ಯಾಟರಿಯ ಅಳತೆಯನ್ನು ನಾನು ನಂಬುವುದಿಲ್ಲ. ಗೇರ್ ನ್ಯೂಟ್ರಲ್ ಮಾಡಿಸಿ, ಎಂಜಿನ್ ಹತ್ತಿಕೊಳ್ಳದಂತೆ ಸ್ಟಾಪ್ ಕೇಬಲ್ ಎಳೆದು ಹಿಡಿಯಲು ಹೇಳಿ, ಸೆಲ್ಫ್ ಹೊಡೆಸಿದೆ. ಬ್ಯಾಟರಿಯಲ್ಲಿ ಆಗಲೂ 11.4 ಇತ್ತು. ಸೆಲ್ಫ್ ಜಾಮ್ ಆಗಿದ್ದರೆ ಅಳತೆ 9ರ ಆಸುಪಾಸಿಗೆ ಕುಸಿಯಬೇಕಿತ್ತು. ಬ್ಯಾಟರಿ ಬಳಲುತ್ತಲೇ ಇಲ್ಲ ಎಂದರೆ ಕರೆಂಟ್ ದಾರಿಯಲ್ಲೇ ಎಲ್ಲೋ ತಡೆ ಇದೆ.

ಸೆಲ್ಫ್‌ನ ದಪ್ಪ ಟರ್ಮಿನಲ್‌ಗೂ ಅದರ ಮೈಗೂ ಮೀಟರಿನ ಪ್ರೋಬ್ (ವೈರಿನ ಮೊನೆ) ಇಟ್ಟು ಮತ್ತೆ ಹೊಡೆಸಿದಾಗ ಸಿಕ್ಕಿದ್ದು 8.7 ಮಾತ್ರ. ಉಳಿದ 2.7 ವೋಲ್ಟ್ ಎಲ್ಲಿ ಹೋಯಿತು? ಪಾಸಿಟಿವ್ ಕೇಬಲ್‌ನ ಎರಡು ತುದಿಗಳ ನಡುವೆ 0.3. ಅಷ್ಟು ಸಹಿಸಬಹುದು. ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬದ ಮೇಲೆಯೇ ಒತ್ತಿ (ಕ್ಲ್ಯಾಂಪಿನ ಮೇಲಲ್ಲ, ಅವೆರಡರ ನಡುವೆಯೂ ತಡೆ ಅಡಗಿರುತ್ತದೆ), ಕೆಂಪನ್ನು ಎಂಜಿನ್ ಬ್ಲಾಕಿಗೆ ಇಟ್ಟಾಗ 2.4. ಅದೇ ಕೆಂಪನ್ನು ಚಾಸಿಗೆ (ಜೀಪಿನ ಕೆಳಗಿನ ಲೋಹದ ಚೌಕಟ್ಟಿಗೆ) ಸರಿಸಿದಾಗ 0.1. ತಡೆ ಇದ್ದದ್ದು ಚಾಸಿಗೂ ಎಂಜಿನ್ನಿಗೂ ನಡುವಿನ ಅರ್ತ್ ಪಟ್ಟಿಯಲ್ಲಿ, ಅಂದರೆ ಕರೆಂಟ್ ಎಂಜಿನ್ನಿನಿಂದ ಬ್ಯಾಟರಿಗೆ ಮರಳುವ ದಾರಿಯಲ್ಲಿ.

ಇದೇ ಪಟ್ಟಿಯನ್ನು ಓಮ್‌ನಲ್ಲಿ ಇಟ್ಟು ಬೀಪ್ ಕೇಳಿಸಿಕೊಂಡಿದ್ದರೆ ‘ಸರಿ ಇದೆ’ ಎಂದೇ ಮೀಟರ್ ಹೇಳುತ್ತಿತ್ತು. ಸೆಲ್ಫ್‌ಗೆ 120 ಆಂಪಿಯರ್ ಹರಿಯುತ್ತಿದೆ ಎಂದುಕೊಂಡರೆ, 2.4 ವೋಲ್ಟ್ ನುಂಗಲು 0.02 ಓಮ್ ಸಾಕು. ಮೀಟರಿನ ವೈರುಗಳ ತಡೆಯೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ದಪ್ಪ ಕೇಬಲ್‌ಗಳನ್ನು ಭಾರ ಬಿದ್ದಾಗಲೇ, ವೋಲ್ಟ್‌ನಲ್ಲೇ ಅಳೆಯಬೇಕು. ಅಳೆಯುವ ಮೊದಲು ಕೆಂಪು ವೈರು 10 ಆಂಪಿಯರ್ ತೂತಿನಲ್ಲಿ ಉಳಿದಿಲ್ಲವೇ ಎಂದು ಪ್ರತಿಸಲ ನೋಡಿಕೊಳ್ಳಿ. ಉಳಿದಿದ್ದರೆ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ.

ಜೀಪಿನ ಅಡಿಗೆ ಮಲಗಿ ನೋಡಿದೆ. ಹೆಣೆದ ತಾಮ್ರದ ಪಟ್ಟಿ ಕೆಸರಿನಲ್ಲಿ ಮುಚ್ಚಿಹೋಗಿತ್ತು. ಬೋಲ್ಟ್ ಬಿಚ್ಚಿದಾಗ ವಾಷರ್ ಕೆಳಗಿನಿಂದ ಹಸಿರು ಪುಡಿ ಉದುರಿತು, ಎಳೆಗಳು ಕಡ್ಡಿಯಂತೆ ಮುರಿದವು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿರುವುದರಿಂದ ಕರೆಂಟ್ ಬೇರೆ ದಾರಿ ಹುಡುಕಿಕೊಂಡಿತ್ತು: ಆಕ್ಸಿಲರೇಟರ್ ಕೇಬಲ್‌ನ ಹೊರಕವಚ ಒಂದೆಡೆ ಕರಗಿತ್ತು. ಅದನ್ನು ತೋರಿಸಿದಾಗ ಚಾಲಕನ ಮುಖ ಬಿಳುಪೇರಿತು. ಬೆಂಕಿ ಹತ್ತಿಕೊಳ್ಳದೆ ಇದ್ದದ್ದು ಪುಣ್ಯ.

ಎರಡೂ ಕಡೆ ಎಮರಿ ಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಹೊಸ ಪಟ್ಟಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಕರಗಿದ ಕೇಬಲನ್ನೂ ಬದಲಾಯಿಸಿದೆ. ಮತ್ತೆ ಅಳೆದಾಗ ಬ್ಲಾಕಿಗೂ ನೆಗೆಟಿವ್ ಕಂಬಕ್ಕೂ 0.15. ಬ್ಯಾಟರಿ ಈಗ 10.4ಕ್ಕೆ ಇಳಿಯುತ್ತಿತ್ತು, ಸೆಲ್ಫ್ ನಿಜವಾಗಿ ದುಡಿಯುತ್ತಿತ್ತು. ಸ್ಟಾಪ್ ಕೇಬಲ್ ಬಿಟ್ಟ ಕೂಡಲೇ ಎಂಜಿನ್ ಹತ್ತಿಕೊಂಡಿತು. ಡೈನಮೋ ಚಾರ್ಜಿಂಗ್ 14.1.